ಬೆಲ್ಟ್ ಹಾಕಿದರೂ ಆರದ ದೀಪ: ವಿಜಯಪುರದ ಒಂದು ಹ್ಯಾಚ್‌ಬ್ಯಾಕ್‌ನ ಕೆಲಸದ ದಾಖಲೆ

ಸೋಮವಾರ

ಗಾಡಿ 2020ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಾಟ ಹೆಚ್ಚಾಗಿ ಇಂಡಿ ಕಡೆ. ದೂರು: "ಬೆಲ್ಟ್ ಹಾಕ್ಕೊಂಡ್ರೂ ದೀಪ ಆರವಲ್ದ್ರೀ. ಮನ್ಯಾಗ ತಮ್ಮ ಓಡಿಸಿದ್ರ ಆರತೈತಿ." ಎರಡನೆಯ ಮಾತು ಬರೆದಿಟ್ಟುಕೊಳ್ಳುವಂಥದ್ದು. ಬಕಲ್ (ಬೆಲ್ಟಿನ ನಾಲಿಗೆ ಸಿಕ್ಕಿಸುವ ಗೂಡು) ಬದಲಿಸಿ ಎಂದು ಬೇರೆ ಕಡೆ ಹೇಳಿ ಕಳಿಸಿದ್ದಾರೆ. ಅಳತೆ ಮಾಡದೆ ಬಕಲ್ ಕೊಳ್ಳುವುದು ಹಣ ಸುಡುವ ಕೆಲಸ.

2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ಚಾಲಕ, ಪಕ್ಕದ ಸೀಟು ಎರಡಕ್ಕೂ ಬೆಲ್ಟ್ ಎಚ್ಚರಿಕೆ ಕಡ್ಡಾಯ. ದೀಪ ಒಂದೇ ಇದ್ದರೆ ತಕರಾರು ಯಾವ ಸೀಟಿನದೆಂದು ತಿಳಿಯುವುದಿಲ್ಲ. ಹಾಗಾಗಿ ಮೊದಲು ಖಾಲಿ ಇರುವ ಪಕ್ಕದ ಸೀಟಿನ ಬೆಲ್ಟನ್ನೂ ಹಾಕಿ ನೋಡಬೇಕು. ದೀಪ ಆರಿದರೆ ಆ ಸೀಟಿನ ಒಳಗೆ ಯಾರಾದರೂ ಕೂತಿದ್ದಾರೆಯೇ ಎಂದು ಅರಿಯುವ ಸೆನ್ಸರ್ ಮ್ಯಾಟ್ ಕಡೆ ಹೋಗಬೇಕು. ಇಲ್ಲಿ ಆರಲಿಲ್ಲ, ಅಂದರೆ ಚಾಲಕನ ಕಡೆ. ಏರ್‌ಬ್ಯಾಗ್ ದೀಪ ಹತ್ತಿಲ್ಲ. ಅದೂ ಹತ್ತಿದ್ದರೆ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕದೆ ಮುಂದೆ ಕೈ ಹಾಕುವಂತಿಲ್ಲ.

ಮಂಗಳವಾರ

ಬ್ಯಾಟರಿಯ ಮೈನಸ್ ಬಿಚ್ಚಿ ಹತ್ತು ನಿಮಿಷ ಬಿಟ್ಟು ಸೀಟಿನ ಕೆಳಗೆ ಕೈ ಹಾಕಿದ್ದು. ಹಳದಿ ಕನೆಕ್ಟರ್ ಎಂದರೆ ಏರ್‌ಬ್ಯಾಗ್ ಇಲ್ಲವೇ ಪ್ರಿಟೆನ್ಷನರ್ (ಅಪಘಾತದಲ್ಲಿ ಸಿಡಿದು ಬೆಲ್ಟ್ ಬಿಗಿಯುವ ಸಾಧನ). ಅದಕ್ಕೆ ಮಲ್ಟಿಮೀಟರಿನ ಕಡ್ಡಿ ತಾಗಿಸಬಾರದು, ಮೀಟರಿನಿಂದ ಹರಿಯುವ ಸಣ್ಣ ಕರೆಂಟಿಗೂ ಸಿಡಿಯುವ ಭಯವಿದೆ. ಈ ಗಾಡಿಯಲ್ಲಿ ಪ್ರಿಟೆನ್ಷನರ್ ಬಾಗಿಲ ಪಕ್ಕದ ಕಂಬದೊಳಗೆ, ಬೆಲ್ಟ್ ಸುತ್ತಿಕೊಳ್ಳುವ ಕಡೆ ಇದೆ. ಬಕಲ್ಲಿನೊಳಗಿನ ಸ್ವಿಚ್ಚಿಗೆ ಎರಡು ಪಿನ್ನಿನ ಬೇರೆ ಬಿಳಿ ಕನೆಕ್ಟರ್. ಅದನ್ನು ಧೈರ್ಯವಾಗಿ ಅಳೆಯಬಹುದು.

ಬಕಲ್ ಕಡೆಯ ಪಿನ್ನುಗಳಲ್ಲಿ: ಬೆಲ್ಟ್ ಹಾಕದಾಗ 0.3 ಓಮ್, ಹಾಕಿದಾಗ ಸರ್ಕ್ಯೂಟ್ ಪೂರ್ತಿ ತೆರೆದಿದೆ. ನಾಲಿಗೆ ಅಲುಗಾಡಿಸಿದರೂ ಅಂಕಿ ಕದಲಲಿಲ್ಲ. ಬಕಲ್ ಚೆನ್ನಾಗಿದೆ. ಎಲ್ಲ ಗಾಡಿಗೂ ಇದೇ ಲೆಕ್ಕ ನಡೆಯುವುದಿಲ್ಲ: ಕೆಲವದರಲ್ಲಿ ಸ್ವಿಚ್ ಉಲ್ಟಾ, ಬೆಲ್ಟ್ ಹಾಕಿದಾಗ ಕೂಡುತ್ತದೆ. ಕೆಲವದರಲ್ಲಿ ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್, ಅದನ್ನು ಓಮ್‌ನಲ್ಲಿ ಅಳೆದು ಉಪಯೋಗವಿಲ್ಲ.

ಈ ಸ್ವಿಚ್ ಬೆಲ್ಟ್ ಹಾಕದಾಗ ವೈರನ್ನು ಅರ್ತ್‌ಗೆ ಕೂಡಿಸುವ ಬಗೆಯದು. ಆದ್ದರಿಂದ ಕನೆಕ್ಟರ್ ಬಿಚ್ಚಿಟ್ಟರೆ ದೀಪ ಆರಬೇಕು. ಬ್ಯಾಟರಿ ಕೂಡಿಸಿ, ಕೀ ಆನ್ ಮಾಡಿದರೆ ದೀಪ ಉರಿಯುತ್ತಲೇ ಇತ್ತು. ಹಾಗಾದರೆ ವೈರು ನಡುವೆಲ್ಲೋ ಗಾಡಿಯ ಲೋಹದ ಮೈಗೆ, ಅಂದರೆ ಅರ್ತ್‌ಗೆ, ತಾಗಿದೆ. ಮತ್ತೆ ಬ್ಯಾಟರಿ ಬಿಚ್ಚಿ, ಸಿಗ್ನಲ್ ವೈರು ಮತ್ತು ಸೀಟಿನ ಚೌಕಟ್ಟಿನ ನಡುವೆ ಅಳೆದಾಗ, ಸೀಟು ಹಿಂದಿದ್ದರೆ 2 ಓಮ್‌ಗೂ ಕಡಿಮೆ, ಮುಂದೆ ಸರಿಸಿದರೆ ಕಿಲೋ ಓಮ್. ತಮ್ಮ ಕುಳ್ಳಗಿರಬೇಕು, ಸೀಟು ಮುಂದೆ ಎಳೆದುಕೊಂಡು ಓಡಿಸುತ್ತಾನೆ!

ಬುಧವಾರ

14ರ ಸಾಕೆಟ್ಟಿನಲ್ಲಿ ಸೀಟಿನ ನಾಲ್ಕು ಬೋಲ್ಟ್ ಬಿಚ್ಚಿ, ಸೀಟು ಹಿಂದಕ್ಕೆ ವಾಲಿಸಿದಾಗ ಕಳ್ಳ ಸಿಕ್ಕ. ಸೀಟು ಸರಿಯುವ ರೈಲಿನ ಒಳ ಅಂಚಿಗೆ ತಿಕ್ಕಿ ತಿಕ್ಕಿ ಹೊದಿಕೆ ಹರಿದು ಬೆರಳಗಲ ತಾಮ್ರ ಹೊಳೆಯುತ್ತಿತ್ತು. ವೈರು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಮುರಿದಿದೆ. 7ಡಿ ಮ್ಯಾಟ್ (ನೆಲಕ್ಕೆ ಪೂರ್ತಿ ಹೊದಿಸುವ ದಪ್ಪ ಹಾಸು) ಹಾಕುವಾಗ ಸೀಟು ಎತ್ತಿ, ಕ್ಲಿಪ್ ಮುರಿದು, ವೈರನ್ನು ಹಾಗೇ ಬಿಟ್ಟು ಮ್ಯಾಟ್ ಹೊದಿಸುವ ಕೆಲಸ ಬಹಳ ಕಾಣುತ್ತದೆ. ಅದರ ಮೇಲೆ ಎರೆ ಮಣ್ಣಿನ ಧೂಳು ರೈಲಿನ ಗ್ರೀಸಿಗೆ ಮೆತ್ತಿಕೊಂಡು ಉಪ್ಪುಕಾಗದದ ಹಾಗೆ ವೈರು ಉಜ್ಜಿದೆ.

ಕೆಟ್ಟ ತುಂಡು ಕತ್ತರಿಸಿ 0.5 ಚದರ ಮಿಲಿಮೀಟರಿನ ಆಟೋ ವೈರು ಜೋಡಿಸಿದ್ದು, ಒತ್ತುವ ಸ್ಲೀವ್ ಮತ್ತು ಒಳಗೆ ಅಂಟಿರುವ ಹೀಟ್ ಶ್ರಿಂಕ್ ಬಳಸಿ. ಇಲ್ಲಿ ಬೆಸುಗೆ ಹಾಕಬಾರದು: ಬೆಸುಗೆ ಮುಗಿಯುವಲ್ಲಿ ವೈರು ಗಟ್ಟಿಯಾಗಿ, ಸೀಟು ಸರಿದಾಡಿದಂತೆ ಅಲ್ಲೇ ಮುರಿಯುತ್ತದೆ. ಮೇಲೆ ಬಟ್ಟೆ ಟೇಪು. ಸೀಟು ಪೂರ್ತಿ ಹಿಂದೆ, ಪೂರ್ತಿ ಮುಂದೆ ಸರಿದರೂ ಎಳೆಯದಷ್ಟು ಸಡಿಲ ಬಿಟ್ಟು ಟೈ ಕಟ್ಟಿದ್ದು. ರೈಲಿನ ಹಳೆ ಗ್ರೀಸ್ ಒರೆಸಿ ತೆಗೆದು, ಸೀಟಿನ ಬೋಲ್ಟುಗಳನ್ನು ಕೈಪಿಡಿಯ ಟಾರ್ಕಿಗೆ ಬಿಗಿದದ್ದು.

ಬಕಲ್ಲಿನೊಳಗೆ ಗಾಳಿ ಊದಿದಾಗ ಕಡಲೆಸಿಪ್ಪೆ, ಧೂಳು ಬಂತು. ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಎಣ್ಣೆ ಬಿಡಬೇಡಿ, ಮಣ್ಣು ಹಿಡಿಯುತ್ತದೆ. ದೀಪ ಆರಿತು.

ಗುರುವಾರ

ಸಿಂದಗಿ ರಸ್ತೆಯಲ್ಲಿ ಓಡಿಸಿದಾಗ ಹಂಪ್ ಹಾರಿದ ಕೂಡಲೇ ಎಚ್ಚರಿಕೆ ಕೂಗಿತು. ಪಕ್ಕದ ಸೀಟು ಖಾಲಿ. ಅದರ ಬೆಲ್ಟ್ ಹಾಕಿದರೆ ಸುಮ್ಮನಾಯಿತು. ಇದು ಬೇರೆಯದೇ ರೋಗ: ದಪ್ಪ ಫೋಮಿನ ಸೀಟ್ ಕವರಿನ ಕೆಳಗಿನ ಪಟ್ಟಿಗಳು ಬಿಗಿದು ಸೆನ್ಸರ್ ಮ್ಯಾಟನ್ನು ಸದಾ ಅಷ್ಟಿಷ್ಟು ಒತ್ತುತ್ತಿವೆ, ಹಂಪಿನ ಕುಲುಕಿಗೆ ಅದು ಹೆಚ್ಚಾಯಿತು. ಪಟ್ಟಿ ಸಡಿಲಿಸಿದಾಗ ಕೂಗಲಿಲ್ಲ. ನೀರಿನ ಕ್ಯಾನೋ ಬ್ಯಾಗೋ ಇಟ್ಟರೂ ಇದೇ ಗಲಾಟೆ, ಆದರೆ ಅದು ದೋಷವಲ್ಲ.

ಮಾಲೀಕರ ಕೈಯಲ್ಲಿ, ಬೆಲ್ಟಿನ ಬದಲು ಬಕಲ್ಲಿಗೆ ಸಿಕ್ಕಿಸಿ ಅಲಾರ್ಮ್ ನಿಲ್ಲಿಸುವ ಕ್ಲಿಪ್ ಇತ್ತು. ಇಂಥವನ್ನು ಆನ್‌ಲೈನ್ ಮಾರಾಟದಿಂದ ತೆಗೆಯುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲೇ ಆದೇಶಿಸಿದೆ. ಬೆಲ್ಟ್ ಇಲ್ಲದೆ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ ಕಲಂ 194ಬಿ ಅಡಿ 1000 ರೂಪಾಯಿ ದಂಡ. ಅಡ್ಡಾದಿಡ್ಡಿ ಅಳತೆಯ ಆ ಕ್ಲಿಪ್ಪುಗಳು ಬಕಲ್ಲಿನ ಸ್ವಿಚ್ಚನ್ನೂ ಕೆಡಿಸುತ್ತವೆ.

ಬಾಕಿ: ಪಕ್ಕದ ಸೀಟಿಗೆ ತೆಳುವಾದ ಕವರ್. ಚಾಲಕನ ಕಡೆಗೆ ಕಂಪನಿಯ ವೈರ್ ಕ್ಲಿಪ್ ಒಂದು, ಆರ್ಡರ್ ಹಾಕಿದೆ. ಅದು ಬರುವವರೆಗೆ ಟೈ ಸಾಕು.