ಇಂಥ ಬ್ಲಾಗುಗಳೆಲ್ಲ ನಿನಗೆ ಎಲ್ಲಿ ಸಿಗುತ್ತವೆ?

ಗೆಳೆಯರಿಗೆ ವಾಟ್ಸಾಪಿನಲ್ಲಿ ನಾನು ಆಗಾಗ ಯಾವುದಾದರೊಂದು ಬ್ಲಾಗಿನ ಲಿಂಕ್ ಕಳಿಸುತ್ತಿರುತ್ತೇನೆ. ಒಂದು ದಿನ ಹಳೇ ಕಂಪ್ಯೂಟರ್ ಚಿಪ್ಪಿನದು, ಇನ್ನೊಂದು ದಿನ ರೋಮನ್ನರ ಕಾಲದ ಬಟ್ಟೆಯದು, ಮತ್ತೊಂದು ದಿನ ಪಶ್ಚಿಮ ಘಟ್ಟದ ಯಾವುದೋ ಗುಹೆಯದು. ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ‘ಇದೆಲ್ಲ ನಿನಗೆ ಎಲ್ಲಿ ಸಿಗುತ್ತೆ ಮಾರಾಯ? ನಾನು ಗೂಗಲ್ ಮಾಡಿದರೆ ಬರೀ ಜಾಹೀರಾತೇ ಬರುತ್ತೆ.’ ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ಇಲ್ಲೇ ಪೂರ್ತಿ ಬರೆದುಬಿಡುತ್ತೇನೆ. ಇನ್ನುಮುಂದೆ ಕೇಳಿದವರಿಗೆ ಇದೇ ಲಿಂಕ್ ಕಳಿಸಬಹುದು.

ಚುಟುಕಾಗಿ ಹೇಳುವುದಾದರೆ, ಒಂದು ಬ್ಲಾಗು ಇನ್ನೊಂದು ಬ್ಲಾಗಿನಿಂದ ಸಿಗುತ್ತದೆ. ಹುಡುಕುಯಂತ್ರದಿಂದ ಸಿಗುವುದು ಅಪರೂಪ. ಕಾರಣ ಸುಲಭ. ಗೂಗಲ್‌ನಲ್ಲಿ ಮೇಲೆ ಬರಬೇಕು ಅಂತಲೇ ಬರೆಯುವವರು ಬೇರೆ, ತಮಗೆ ಗೊತ್ತಿರುವುದನ್ನು ಸುಮ್ನೆ ಬರೆದಿಟ್ಟು ಹೋಗುವವರು ಬೇರೆ. ನನಗೆ ಬೇಕಾದವರು ಈ ಎರಡನೇ ಗುಂಪಿನವರು. ಅವರು ತಲೆಬರಹಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, ವಾರಕ್ಕೆ ಮೂರು ಪೋಸ್ಟ್ ಹಾಕುವುದಿಲ್ಲ. ಆರು ತಿಂಗಳು ಸದ್ದಿಲ್ಲದೆ ಇದ್ದು ಆಮೇಲೆ ಒಂದು ಉದ್ದನೆಯ ಬರಹ ಹಾಕುತ್ತಾರೆ. ಅಂಥವರನ್ನು ಯಂತ್ರ ಮುಂದೆ ತರುವುದಿಲ್ಲ, ಇನ್ನೊಬ್ಬ ಓದುಗ ತರುತ್ತಾನೆ.

ಯಾವ ಥರದವರು ಅಂತ ಗೊತ್ತಾಗಲು ಎರಡು ಮೂರು ಉದಾಹರಣೆ ಕೊಡುತ್ತೇನೆ.

ಅಮೆರಿಕದ ಡೆರೆಕ್ ಲೋವ್ ಔಷಧ ಕಂಪನಿಗಳ ಪ್ರಯೋಗಾಲಯದಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ರಸಾಯನಶಾಸ್ತ್ರಜ್ಞ. 2002ರಿಂದ ‘ಇನ್ ದಿ ಪೈಪ್‌ಲೈನ್’ ಅನ್ನುವ ಬ್ಲಾಗು ಬರೆಯುತ್ತಿದ್ದಾರೆ. ಹೊಸ ಔಷಧಿಗಳು ಯಾಕೆ ಸೋಲುತ್ತವೆ ಅನ್ನುವುದು ಅವರ ಮುಖ್ಯ ವಿಷಯ. ಆದರೆ ನಾನು ಅಲ್ಲಿಗೆ ಹೋದದ್ದು ‘ನಾನು ಮುಟ್ಟದ ವಸ್ತುಗಳು’ ಅನ್ನುವಂಥ ಒಂದು ಸರಣಿಗಾಗಿ. ಅದರಲ್ಲಿ ಕ್ಲೋರಿನ್ ಟ್ರೈಫ್ಲೋರೈಡ್ ಬಗ್ಗೆ ಒಂದು ಬರಹವಿದೆ. ಈ ದ್ರವ ತಗುಲಿದರೆ ಮರಳಿಗೇ ಬೆಂಕಿ ಹತ್ತಿಕೊಳ್ಳುತ್ತದೆ. ಬೆಂಕಿ ಆರಿಸಲು ನಾವು ಮರಳು ಸುರಿಯುತ್ತೇವಲ್ಲ, ಆ ಮರಳಿಗೆ! ಒಮ್ಮೆ ಒಂದು ಟನ್ ಚೆಲ್ಲಿ, ಒಂದು ಅಡಿ ಕಾಂಕ್ರೀಟ್ ನೆಲವನ್ನು ಸುಟ್ಟುಕೊಂಡು, ಅದರ ಕೆಳಗಿನ ಮೀಟರಿನಷ್ಟು ಮರಳು, ಜಲ್ಲಿಯನ್ನೂ ತಿಂದಿತಂತೆ. ಓದುತ್ತ ಓದುತ್ತ ನಗು ಬರುತ್ತದೆ, ಜತೆಗೇ ಕೆಮಿಸ್ಟ್ರಿಯೂ ತಲೆಗೆ ಹತ್ತುತ್ತದೆ. ಪಾಠದ ಪುಸ್ತಕ ಹೀಗೆ ಬರೆಯಲು ಆಗುವುದಿಲ್ಲ. ಮೂವತ್ತು ವರ್ಷ ಅದೇ ವಾಸನೆ ಕುಡಿದವನು ಮಾತ್ರ ಬರೆಯಬಲ್ಲ.

ಇನ್ನೊಬ್ಬರು ಕೆನ್ ಶಿರಿಫ್. ಹಳೇ ಚಿಪ್ಪುಗಳ ಕವಚ ತೆಗೆದು, ಮೈಕ್ರೋಸ್ಕೋಪಿನ ಕೆಳಗಿಟ್ಟು, ಒಳಗಿನ ಒಂದೊಂದು ಟ್ರಾನ್ಸಿಸ್ಟರ್ ಏನು ಮಾಡುತ್ತದೆ ಅಂತ ಬಿಡಿಸಿ ಬರೆಯುತ್ತಾರೆ. ಚಂದ್ರನಲ್ಲಿಗೆ ಹೋದ ಅಪೊಲೊ ನೌಕೆಗಳಲ್ಲಿದ್ದಂಥ ಒಂದು ಕಂಪ್ಯೂಟರನ್ನು ಮತ್ತೆ ನಡೆಯುವಂತೆ ಮಾಡಿದ ತಂಡದಲ್ಲೂ ಇದ್ದವರು. 2014ರಲ್ಲಿ ಅವರು ಪೆನ್ಸಿಲ್ ಮತ್ತು ಕಾಗದ ಹಿಡಿದು ಬಿಟ್‌ಕಾಯಿನ್ ಗಣಿಗಾರಿಕೆ ಮಾಡಲು, ಅಂದರೆ ಹೊಸ ನಾಣ್ಯ ಗಳಿಸಲು ಕಂಪ್ಯೂಟರುಗಳು ಮಾಡುವ ಲೆಕ್ಕವನ್ನು ಕೈಯಲ್ಲೇ ಮಾಡಲು ಕೂತರು. ಒಂದು ಸುತ್ತಿನ ಲೆಕ್ಕಕ್ಕೆ 16 ನಿಮಿಷ 45 ಸೆಕೆಂಡ್ ಹಿಡಿಯಿತು. ಒಂದು ಹ್ಯಾಶ್, ಅಂದರೆ ಅಂಥ ಒಂದು ಪೂರ್ತಿ ಲೆಕ್ಕ, ಮುಗಿಯಲು ಅಂಥ 128 ಸುತ್ತು ಬೇಕು. ಅಂದರೆ ನಿದ್ದೆ, ಊಟ ಬಿಟ್ಟು ಕೂತರೂ ದಿನಕ್ಕೆ 0.67 ಹ್ಯಾಶ್. ಯಾವ ಪ್ರಯೋಜನವೂ ಇಲ್ಲದ ಕೆಲಸ. ಆದರೆ ಬಿಟ್‌ಕಾಯಿನ್ ಒಳಗೆ ಯಂತ್ರ ನಿಜಕ್ಕೂ ಏನು ಮಾಡುತ್ತಿರುತ್ತದೆ ಅಂತ ನನಗೆ ಅರ್ಥವಾದದ್ದು ಅವತ್ತೇ.

ರೋಮನ್ ಬಟ್ಟೆ ಅಂದೆನಲ್ಲ, ಅದು ಬ್ರೆಟ್ ಡೆವೆರೊ ಅನ್ನುವ ಇತಿಹಾಸಕಾರರ ಬ್ಲಾಗು. ಹಳೇ ಕಾಲದ ಬಟ್ಟೆಗೆ ಅತಿ ಹೆಚ್ಚು ಹೊತ್ತು ಹೋಗುತ್ತಿದ್ದುದು ನೇಯಲು ಅಲ್ಲ, ನೂಲಲು ಅಂತ ಅಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಯುದ್ಧದ ಬಗ್ಗೆ ಬರೆಯುವ ಮನುಷ್ಯ ಹೆಂಗಸರ ರಾಟೆ, ಕದಿರುಗಳ ಬಗ್ಗೆ ಇಷ್ಟು ಬರೆದದ್ದು ನೋಡಿ ನನಗೆ ಗೌರವ ಜಾಸ್ತಿಯಾಯಿತು.

ಗುಹೆಯ ಲಿಂಕ್ ಕನ್ನಡದ್ದು. ಮಂಗಳೂರಿನ ಅತ್ರಿ ಬುಕ್ ಸೆಂಟರ್ ನಡೆಸುತ್ತಿದ್ದ ಜಿ.ಎನ್. ಅಶೋಕವರ್ಧನರು 2012ರಲ್ಲಿ ಅಂಗಡಿ ಮುಚ್ಚಿದರು, ಬರವಣಿಗೆ ಮುಚ್ಚಲಿಲ್ಲ. ಬೆಟ್ಟ, ಬೈಕು, ಯಕ್ಷಗಾನ, ಪುಸ್ತಕ ವ್ಯಾಪಾರದ ಒಳಹೊರಗು, ಎಲ್ಲ ಒಂದೇ ಜಾಲತಾಣದಲ್ಲಿದೆ. ಪುಸ್ತಕ ಮಾರಿದವರು ಪುಸ್ತಕೋದ್ಯಮದ ಬಗ್ಗೆ ಬರೆಯುವುದಕ್ಕೂ ಹೊರಗಿನವರು ಬರೆಯುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಅಲ್ಲಿ ಎರಡು ಪುಟ ಓದಿದರೆ ಸಾಕು.

ಈಗ ಇಂಥವರನ್ನು ಹುಡುಕುವ ವಿಷಯ. ಇಷ್ಟವಾದ ಒಂದು ಬ್ಲಾಗು ಸಿಕ್ಕಿದ ಮೇಲೆ ಅದರ ಅಂಚನ್ನು ನೋಡಿ. ಬಹಳ ಜನ ತಾವು ಓದುವ ಬ್ಲಾಗುಗಳ ಪಟ್ಟಿಯನ್ನು ಪಕ್ಕದಲ್ಲಿ ಹಾಕಿರುತ್ತಾರೆ. ಗೂಗಲ್ಲಿನ ಬ್ಲಾಗು ಸೇವೆಯಾದ ಬ್ಲಾಗ್‌ಸ್ಪಾಟ್‌ನಲ್ಲಿ ಈ ಪಟ್ಟಿ ಇನ್ನೂ ಚೆನ್ನ, ಯಾರು ಈಚೆಗೆ ಬರೆದರೋ ಅವರ ಹೆಸರೇ ಮೇಲೆ ಬರುವಂತೆ ಇಟ್ಟುಕೊಳ್ಳಬಹುದು. ‘ನನಗೆ ಯಾವ ಪಟ್ಟಿಯೂ ಕಾಣಲ್ಲ’ ಅನ್ನುವವರು ಮೊಬೈಲಿನಲ್ಲಿ ಓದುವವರು. ಹಳೇ ಬ್ಲಾಗ್‌ಸ್ಪಾಟ್ ಪುಟ ಮೊಬೈಲಿನಲ್ಲಿ ತೆರೆದಾಗ ಪಕ್ಕದ ಪಟ್ಟಿ ಮಾಯವಾಗುತ್ತದೆ. ಮೇಲೆ ವಿಳಾಸದ ಕೊನೆಯಲ್ಲಿ ‘ಎಂ=1’ ಅಂತ ಇರುತ್ತದೆ. ಆ ಒಂದನ್ನು ತೆಗೆದು ಸೊನ್ನೆ ಹಾಕಿ. ಪೂರ್ತಿ ಪುಟ ಬರುತ್ತದೆ, ಪಟ್ಟಿಯೂ ಬರುತ್ತದೆ. ಇಷ್ಟು ಸಣ್ಣ ವಿಷಯದಿಂದ ಎಷ್ಟೋ ಜನರಿಗೆ ಆ ಕಡೆಯ ದಾರಿಯೇ ಮುಚ್ಚಿಹೋಗಿದೆ.

ಪಟ್ಟಿ ಇಲ್ಲದಿದ್ದರೆ ಬರಹದ ಒಳಗಿನ ಲಿಂಕುಗಳು, ಅದೂ ಇಲ್ಲದಿದ್ದರೆ ಕೆಳಗಿನ ಪ್ರತಿಕ್ರಿಯೆಗಳು. ಪ್ರತಿಕ್ರಿಯೆಯಲ್ಲಿ ಯಾರಾದರೂ ‘ನೀವು ಹೇಳಿದ್ದು ಸರಿ, ಆದರೆ ನಮ್ಮ ಕಡೆ ಹೀಗಲ್ಲ’ ಅಂತ ಉದ್ದಕ್ಕೆ ಬರೆದಿದ್ದರೆ ಅವರ ಹೆಸರಿನ ಮೇಲೆ ಒತ್ತಿ ನೋಡಿ. ಅಲ್ಲೇ ಇನ್ನೊಂದು ಬ್ಲಾಗು ಇರುವ ಸಾಧ್ಯತೆ ಜಾಸ್ತಿ.

ಶುರು ಮಾಡಲು ಒಂದೂ ಸಿಕ್ಕಿಲ್ಲ ಅನ್ನುವವರಿಗೆ ಕೈಯಿಂದ ಮಾಡಿದ ಪಟ್ಟಿಗಳಿವೆ. ಮೊದಲು ಯಾಹೂ ಡೈರೆಕ್ಟರಿ ಇತ್ತು, 2014ರಲ್ಲಿ ಮುಚ್ಚಿತು. ಸ್ವಯಂಸೇವಕರೇ ನಡೆಸುತ್ತಿದ್ದ ಡಿಮಾಜ್ ಇತ್ತು, ಅದೂ 2017ರಲ್ಲಿ ಹೋಯಿತು. ಈಗ ನಾನು ಹೋಗುವುದು ‘ಊ ಡಾಟ್ ಡೈರೆಕ್ಟರಿ’ಗೆ. ಫಿಲ್ ಗೈಫರ್ಡ್ ಅನ್ನುವ ಬ್ರಿಟಿಷ್ ಡೆವಲಪರ್ 2022ರ ನವೆಂಬರಿನಲ್ಲಿ ಶುರು ಮಾಡಿದ್ದು. ಈತ ಹಿಂದೆ 17ನೇ ಶತಮಾನದ ಲಂಡನ್ನಿನ ಸ್ಯಾಮುಯೆಲ್ ಪೀಪ್ಸ್ ಬರೆದ ದಿನಚರಿಯನ್ನು 2003ರ ಜನವರಿ 1ರಿಂದ ದಿನಕ್ಕೊಂದು ಪುಟದಂತೆ ಸುಮಾರು ಹತ್ತು ವರ್ಷ ಜಾಲಕ್ಕೆ ಹಾಕಿದವರು. ಅಷ್ಟು ತಾಳ್ಮೆಯವರು ಮಾಡಿದ ಪಟ್ಟಿ ಹೇಗಿರಬೇಕೋ ಹಾಗೇ ಇದೆ. ವಿಷಯವಾರು ವಿಂಗಡಿಸಿದ್ದಾರೆ. ಯಾವ ದೇಶ, ಯಾವಾಗ ಶುರುವಾಯಿತು, ಕೊನೆಯ ಬರಹ ಯಾವುದು ಅಂತ ಪ್ರತಿಯೊಂದಕ್ಕೂ ಹಾಕಿದ್ದಾರೆ. ಸತ್ತ ಬ್ಲಾಗಿಗೆ ಹೋಗಿ ಬೇಜಾರಾಗುವ ಪ್ರಶ್ನೆ ಇಲ್ಲ.

ಹುಡುಕಿಯೇ ತೀರಬೇಕು ಅಂದರೆ ‘ಮಾರ್ಜಿನೇಲಿಯಾ’ ಇದೆ. ಸ್ವೀಡನ್ನಿನ ಒಬ್ಬ ಪ್ರೋಗ್ರಾಮರ್ ತಮ್ಮ ಮನೆಯ ಕಂಪ್ಯೂಟರಿನಿಂದಲೇ ನಡೆಸಲು ಶುರು ಮಾಡಿದ ಹುಡುಕುಯಂತ್ರ. ಥಳಕು ಬಳಕಿನ ತಾಣಗಳನ್ನು ಹಿಂದಕ್ಕೆ ತಳ್ಳಿ ಬರೀ ಅಕ್ಷರ ಇರುವ ಪುಟಗಳನ್ನು ಮುಂದೆ ತರುತ್ತದೆ. ಇನ್ನು ‘ಓದಲೇಬೇಕಾದ ನೂರು ಬ್ಲಾಗುಗಳು’ ಥರದ ಪಟ್ಟಿಗಳ ಸುದ್ದಿಗೆ ಹೋಗಬೇಡಿ. ಅವುಗಳಲ್ಲಿ ಮುಕ್ಕಾಲು ಪಾಲು ಏನನ್ನೋ ಮಾರುವವರದು.

ಕನ್ನಡದ ಬ್ಲಾಗುಗಳಿಗೆ ದಾರಿ ಸ್ವಲ್ಪ ಬೇರೆ. ನನ್ನ ಲೆಕ್ಕದಲ್ಲಿ ಅವುಗಳ ಸುಗ್ಗಿ ಸುಮಾರು 2007ರಿಂದ 2012. ಆಮೇಲೆ ಬರೆಯುವವರೆಲ್ಲ ಫೇಸ್‌ಬುಕ್ಕಿಗೆ ಹೋದರು, ಬರಹಗಳು ಮಾತ್ರ ಇನ್ನೂ ಅಲ್ಲೇ ಇವೆ. ಗೂಗಲ್‌ನಲ್ಲಿ ಹುಡುಕುವಾಗ ತಾರೀಖಿನ ಮಿತಿ ಹಾಕಿ ಆ ವರ್ಷಗಳನ್ನೇ ಕೊಡಿ. ಪದ ಮಾತ್ರ ಪತ್ರಿಕೆಯ ಪದ ಆಗಿರಬಾರದು. ‘ತಂಬುಳಿ ಮಾಡುವ ವಿಧಾನ’ ಅಂತ ಹೊಡೆದರೆ ಜಾಹೀರಾತಿನ ರಾಶಿ. ‘ನಮ್ಮನೆಯ ಗದ್ದೆ ಬದಿಯ ಒಂದೆಲಗ’ ಅಂತ ಹೊಡೆಯಿರಿ. ಹಾಗೆ ಮಾತಾಡುವವರು ಯಾರೋ ಬರೆದಿರುತ್ತಾರೆ. ಊರಿನ ಹೆಸರು, ಜಾತ್ರೆಯ ಹೆಸರು, ಕೆರೆಯ ಹೆಸರು ಸೇರಿಸಿದರೆ ಇನ್ನೂ ಒಳ್ಳೆಯದು. ಆಡುಮಾತಿನಲ್ಲೇ ಬರೆಯುವವರೂ ಇದ್ದಾರೆ. ಹವ್ಯಕರ ‘ಒಪ್ಪಣ್ಣ’ ತಾಣ ನೋಡಿ, ಪೂರ್ತಿ ಅವರ ಭಾಷೆಯಲ್ಲೇ ಇದೆ.

ಒಂದು ತೊಡಕು ಹೇಳಲೇಬೇಕು. ಹಳೇ ಕನ್ನಡ ಬರಹಗಳಲ್ಲಿರುವ ಎಷ್ಟೋ ಲಿಂಕುಗಳು ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಅಂತ ಮುಗಿಯುತ್ತವೆ. 2020ರಲ್ಲಿ ಆ ‘ಇನ್’ ವಿಳಾಸ ಗೂಗಲ್ಲಿನ ಕೈತಪ್ಪಿತು. ಹಾಗಾಗಿ ಒತ್ತಿದರೆ ಏನೂ ಬರುವುದಿಲ್ಲ, ಬ್ಲಾಗು ಅಳಿಸಿಹೋಗಿದೆ ಅಂತ ಜನ ವಾಪಸ್ ಬರುತ್ತಾರೆ. ಹೋಗಿಲ್ಲ! ‘ಇನ್’ ತೆಗೆದು ‘ಕಾಮ್’ ಹಾಕಿದರೆ ಬ್ಲಾಗು ಹಾಗೇ ಕೂತಿರುತ್ತದೆ. ಇನ್ನು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಅಂದರೆ ಯುನಿಕೋಡ್, ಬಳಕೆಗೆ ಬರುವ ಮುಂಚೆ ನುಡಿ, ಬರಹ ಫಾಂಟುಗಳಲ್ಲಿ ಹಾಕಿದ ಪುಟಗಳು ಕನ್ನಡ ಪದ ಕೊಟ್ಟು ಹುಡುಕಿದರೆ ಸಿಗುವುದೇ ಇಲ್ಲ. ತೆರೆದರೂ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನಕಲು ಮಾಡಿ ಅದರಲ್ಲಿ ಹಾಕಿದರೆ ಓದಬಹುದು.

ಸಿಕ್ಕಿದ ಬ್ಲಾಗನ್ನು ಉಳಿಸಿಕೊಳ್ಳುವುದು ಹೇಗೆ? ನನ್ನ ಪ್ರಕಾರ ಹುಡುಕುವುದಕ್ಕಿಂತ ಇದೇ ಮುಖ್ಯ. ಬುಕ್‌ಮಾರ್ಕ್ ಮಾಡಿದ್ದನ್ನು ಯಾರೂ ಮತ್ತೆ ನೋಡುವುದಿಲ್ಲ, ಅದು ನಿಮಗೂ ಗೊತ್ತು. ಬೇಕಾಗಿರುವುದು ಫೀಡ್ ರೀಡರ್. ಬ್ಲಾಗು ಹೊಸ ಬರಹ ಹಾಕಿದಾಗಲೆಲ್ಲ ಹಿಂದುಗಡೆ ಆರ್‌ಎಸ್‌ಎಸ್ ಅನ್ನುವ ಒಂದು ಕಡತವೂ ಬದಲಾಗುತ್ತದೆ. ರೀಡರ್ ಅದನ್ನು ಆಗಾಗ ನೋಡಿ, ಹೊಸದು ಬಂದರೆ ತಂದು ನಿಮ್ಮ ಮುಂದಿಡುತ್ತದೆ. ಲೈಕು, ಯಾರೋ ಆರಿಸಿಕೊಟ್ಟ ಸಾಲು, ಯಾವುದೂ ಇಲ್ಲ. 1999ರಷ್ಟು ಹಳೇ ವ್ಯವಸ್ಥೆ, ಇವತ್ತಿಗೂ ನಡೆಯುತ್ತಿದೆ. ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಮುಚ್ಚಿದಾಗ ಇದು ಸತ್ತಿತು ಅಂತ ಬಹಳ ಜನ ಅಂದುಕೊಂಡರು. ಮುಚ್ಚಿದ್ದು ಒಂದು ಅಂಗಡಿ ಅಷ್ಟೇ. ಫೀಡ್ಲಿ, ಇನೋರೀಡರ್ ಇವೆ, ಆಂಡ್ರಾಯ್ಡಿಗೆ ‘ಫೀಡರ್’ ಇದೆ, ಆಪಲ್ಲಿನವರಿಗೆ ‘ನೆಟ್‌ನ್ಯೂಸ್‌ವೈರ್’ ಇದೆ. ಬ್ಲಾಗಿನ ವಿಳಾಸ ಕೊಟ್ಟರೆ ಸಾಮಾನ್ಯವಾಗಿ ರೀಡರೇ ಫೀಡ್, ಅಂದರೆ ಆ ಕಡತವನ್ನು, ಹುಡುಕಿಕೊಳ್ಳುತ್ತದೆ. ಹುಡುಕದಿದ್ದರೆ ವರ್ಡ್‌ಪ್ರೆಸ್ ಬ್ಲಾಗಿಗೆ ವಿಳಾಸದ ಕೊನೆಯಲ್ಲಿ ಒಂದು ಓರೆಗೆರೆ ಹಾಕಿ ‘ಫೀಡ್’ ಅಂತ ಇಂಗ್ಲಿಷಿನಲ್ಲಿ ಬರೆಯಿರಿ.

ಇದರ ದೊಡ್ಡ ಲಾಭ ಏನು ಅಂದರೆ, ಸುಮ್ಮನಿರುವ ಬ್ಲಾಗು ನಿಮಗೆ ಭಾರವಾಗುವುದಿಲ್ಲ. ಎರಡು ವರ್ಷ ಏನೂ ಬರೆಯದವರನ್ನೂ ನಾನು ಪಟ್ಟಿಯಿಂದ ತೆಗೆಯುವುದಿಲ್ಲ. ತೆಗೆದು ಏನು ಉಳಿಸಬೇಕು? ಒಂದು ದಿನ ಅವರಿಗೆ ಬರೆಯಬೇಕು ಅನಿಸಿದರೆ ಬರಹ ತಾನಾಗಿ ನನ್ನ ಫೋನಿಗೆ ಬರುತ್ತದೆ. ಫೇಸ್‌ಬುಕ್ಕಿನಲ್ಲಿ ಎರಡು ವರ್ಷ ಸುಮ್ಮನಿದ್ದವರು ಬರೆದರೆ ಯಾರಿಗೂ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ‘ಅಷ್ಟೆಲ್ಲ ಓದೋಕೆ ಟೈಮ್ ಎಲ್ಲಿದೆ?’ ನಾನೂ ಎಲ್ಲ ಓದುವುದಿಲ್ಲ ರೀ. ತಲೆಬರಹ ನೋಡುತ್ತೇನೆ, ಒಂದೆರಡು ತೆರೆಯುತ್ತೇನೆ. ಡೆವೆರೊ ಬರೆದದ್ದು ತೀರಾ ಉದ್ದ ಇದ್ದರೆ ಭಾನುವಾರಕ್ಕೆ ಎತ್ತಿಡುತ್ತೇನೆ. ಉಳಿದದ್ದಕ್ಕೆ ರೀಡರಿನಲ್ಲಿ ‘ಎಲ್ಲವನ್ನೂ ಓದಿದೆ’ ಅನ್ನುವ ಬಟನ್ ಇದೆ. ಸುಳ್ಳೇ ಆದರೂ ಧಾರಾಳವಾಗಿ ಒತ್ತುತ್ತೇನೆ.