ಪಂಚಾಯ್ತಿಗೆ ನಿಂತಿರೋ ಅಕ್ಕ

ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತಿರೋ ಅಕ್ಕ ಇವತ್ತು ಸಂಜೆ ನಮ್ಮ ಬೀದಿಗೆ ವೋಟು ಕೇಳೋಕೆ ಬಂದಿದ್ರು. ಜೊತೆಗೆ ಇಬ್ಬರೇ ಹೆಂಗಸರು. ಹಾರ ಇಲ್ಲ, ತಮಟೆ ಇಲ್ಲ.

ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ದಿಲ್ಲಿ ರಾಜಕೀಯ, ಗ್ಯಾಸ್ ರೇಟಿನ ಮಾತು ತೆಗೆದ್ರು. ಅಕ್ಕ ಜಾರಿಕೊಳ್ಳಲಿಲ್ಲ.

"ರೇಟು ಏರಿರೋದು ನಂಗೂ ಗೊತ್ತು ಯಜಮಾನ್ರೇ, ಗ್ಯಾಸು ನಾನೂ ತರ್ತೀನಿ. ಆದ್ರೆ ಅದು ನನ್ನ ಕೈಲಿಲ್ಲ. ಚರಂಡಿ, ಬೀದಿ ದೀಪ, ಕುಡಿಯೋ ನೀರು ಪಂಚಾಯ್ತೀದು. ಅದನ್ನ ಕೇಳಿ, ಹೇಳ್ತೀನಿ."

ಆಮೇಲೆ ನಲ್ಲೀಲಿ ನೀರು ಎಷ್ಟೊತ್ತಿಗೆ ಬರುತ್ತೆ ಅಂತ ಒಂದೊಂದು ಮನೇಲೂ ಕೇಳಿ, ಮಗಳ ಹಳೇ ನೋಟ್‌ಬುಕ್ಕಲ್ಲಿ ಬರ್ಕೊಂಡ್ರು.

ಈ ಚುನಾವಣೇಲಿ ಪಕ್ಷದ ಚಿಹ್ನೆ ಇರಲ್ಲ. ಅರ್ಧದಷ್ಟು ಸೀಟು ಹೆಣ್ಮಕ್ಕಳಿಗೆ ಮೀಸಲು. ಆದ್ರೂ ಎಷ್ಟೋ ಕಡೆ ಮಾತಾಡೋದು ಗಂಡಂದಿರೇ. ಇಲ್ಲಿ ಅಕ್ಕನೇ ನಿಂತು ಮಾತಾಡಿದ್ರು, ತುಂಬಾ ಖುಷಿ ಆಯ್ತು.

ಯಾರೇ ಗೆಲ್ಲಲಿ, ಮುಂದಿನ ಗ್ರಾಮಸಭೆಗೆ ನಾನು ಹೋಗ್ತೀನಿ. ನೀವೂ ಬನ್ರಪ್ಪ.