ನಿನ್ನೆ ಒಳ್ಳೇದು, ಇವತ್ತು ಕೆಟ್ಟದ್ದು: ಯಾವ ಸಂಶೋಧನೆಯನ್ನು ನಂಬೋದು?

ಆರೋಗ್ಯದ ವಿಷಯ ಬರೆಯುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ಕಾಫಿ ಕುಡಿದರೆ ಕ್ಯಾನ್ಸರ್ ಅಂತೀರಿ, ಆಮೇಲೆ ಏನೂ ಆಗಲ್ಲ ಅಂತೀರಿ. ಹಾರ್ಮೋನ್ ಮಾತ್ರೆ ಹೃದಯ ಕಾಯುತ್ತೆ ಅಂದ್ರಿ, ಆಮೇಲೆ ಹೃದಯಕ್ಕೇ ಅಪಾಯ ಅಂದ್ರಿ. ನಾವು ಯಾವುದನ್ನು ನಂಬೋದು?" ಕೇಳುವವರ ದನಿಯಲ್ಲಿ ಸಿಟ್ಟು ಕಮ್ಮಿ, ಬೇಸರ ಜಾಸ್ತಿ.

ನನ್ನ ಉತ್ತರ ಇಷ್ಟು. ಸುದ್ದಿ ಏನು ಹೇಳುತ್ತೆ ಅನ್ನೋದಕ್ಕಿಂತ ಮೊದಲು, ಅದು ಗೊತ್ತಾಗಿದ್ದು ಹೇಗೆ ಅಂತ ನೋಡಿ. ಜನ ತಮ್ಮಷ್ಟಕ್ಕೆ ತಾವು ಮಾಡುತ್ತಿದ್ದದ್ದನ್ನು ದೂರದಿಂದ ನೋಡಿ ಹೇಳಿದ್ದಾ? ಅಥವಾ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧ ಕೊಟ್ಟು ಇನ್ನೊಂದಕ್ಕೆ ಕೊಡದೆ ಪರೀಕ್ಷಿಸಿ ಹೇಳಿದ್ದಾ? ಉಲ್ಟಾ ಹೊಡೆದ ಸುದ್ದಿಗಳಲ್ಲಿ ಬಹಳಷ್ಟು, ಮೊದಲು ಬರೀ ನೋಡಿ ಹೇಳಿದ್ದನ್ನು ಆಮೇಲೆ ಪರೀಕ್ಷೆಗೆ ಹಚ್ಚಿದಾಗ ಉಲ್ಟಾ ಆದವು.

ಎರಡಕ್ಕೂ ಅಷ್ಟೊಂದು ವ್ಯತ್ಯಾಸವಾ ಅಂತ ಕೇಳಬಹುದು. ಅದಕ್ಕೆ ನನಗೆ ತುಂಬ ಇಷ್ಟವಾದ ಒಂದು ಹಳೆಯ ಪ್ರಯೋಗ ಇದೆ. ಅಮೆರಿಕದಲ್ಲಿ ಒಮ್ಮೆ ಹಾರ್ಟ್ ಅಟ್ಯಾಕ್ ಆಗಿದ್ದ ಗಂಡಸರ ಮೇಲೆ ಕ್ಲೋಫೈಬ್ರೇಟ್ ಅನ್ನೋ ಕೊಲೆಸ್ಟರಾಲ್ ಔಷಧವನ್ನು ಪರೀಕ್ಷಿಸಿದರು. ಕೆಲವರಿಗೆ ಔಷಧ, ಕೆಲವರಿಗೆ ಒಳಗೆ ಏನೂ ಇಲ್ಲದ ಹುಸಿಮಾತ್ರೆ. ಔಷಧವನ್ನು ತಪ್ಪದೆ ನುಂಗಿದವರಲ್ಲಿ ಐದು ವರ್ಷದಲ್ಲಿ ತೀರಿಕೊಂಡವರು ಶೇ. 15. ಸರಿಯಾಗಿ ನುಂಗದವರಲ್ಲಿ ಶೇ. 24.6. ಇಷ್ಟನ್ನೇ ನೋಡಿದ್ದರೆ ಔಷಧ ಭರ್ಜರಿ ಕೆಲಸ ಮಾಡಿದೆ ಅಂತ ಯಾರಾದರೂ ಬರೆದುಬಿಡುತ್ತಿದ್ದರು. ಆದರೆ ಹುಸಿಮಾತ್ರೆಯ ಲೆಕ್ಕ ನೋಡಿ. ಅದನ್ನು ತಪ್ಪದೆ ನುಂಗಿದವರಲ್ಲಿ ಸಾವು ಶೇ. 15.1, ನುಂಗದವರಲ್ಲಿ ಶೇ. 28ರ ಮೇಲೆ! ಇಡೀ ಗುಂಪುಗಳನ್ನು ಹೋಲಿಸಿದರೆ ಔಷಧಕ್ಕೂ ಹುಸಿಮಾತ್ರೆಗೂ ಹೆಚ್ಚುಕಮ್ಮಿ ಒಂದೇ ಫಲ, ಸಾವು ಶೇ. 20ರ ಆಸುಪಾಸು.

ಏನೂ ಇಲ್ಲದ ಮಾತ್ರೆ ಜೀವ ಉಳಿಸೋದಿಲ್ಲ. ಮಾತ್ರೆಯನ್ನು ತಪ್ಪದೆ ನುಂಗುವ ಮನುಷ್ಯನೇ ಬೇರೆ ಥರದವನು. ಅವನು ಬೇರೆ ವಿಷಯಗಳಲ್ಲೂ ಶಿಸ್ತಿನವನಿರಬಹುದು. ಮಾತ್ರೆ ನುಂಗಲಾರದಷ್ಟು ಕಾಯಿಲೆ ಅವನಿಗೆ ಇಲ್ಲದೆ ಇರಬಹುದು. 1980ರಲ್ಲಿ ಈ ಲೆಕ್ಕ ಪ್ರಕಟವಾಯಿತು. ಅಲ್ಲಿಂದೀಚೆಗೆ "ಇದನ್ನು ತಿನ್ನುವವರು ಜಾಸ್ತಿ ದಿನ ಬದುಕುತ್ತಾರೆ" ಅನ್ನೋ ಯಾವ ಸುದ್ದಿ ಓದಿದರೂ ನನಗೆ ಮೊದಲು ನೆನಪಾಗೋದು ಆ ಹುಸಿಮಾತ್ರೆ.

ಹಾರ್ಮೋನ್ ಮಾತ್ರೆಯ ಕಥೆಯಲ್ಲೂ ಬಹುಮಟ್ಟಿಗೆ ಇದೇ ಆಯಿತು. ಮುಟ್ಟು ನಿಂತ ಮೇಲೆ ಹಾರ್ಮೋನ್ ತೆಗೆದುಕೊಂಡ ಹೆಂಗಸರಲ್ಲಿ ಹೃದ್ರೋಗ ಕಮ್ಮಿ ಅಂತ ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನಗಳು ಹೇಳಿದ್ದವು. ಆದರೆ ಹಾಗೆ ತೆಗೆದುಕೊಳ್ಳುತ್ತಿದ್ದವರು ಸರಾಸರಿಯಲ್ಲಿ ಹೆಚ್ಚು ಓದಿದವರು, ಅನುಕೂಲಸ್ಥರು, ಡಾಕ್ಟರ ಬಳಿ ಆಗಾಗ ಹೋಗುವವರು. ಆಮೇಲೆ 16,608 ಹೆಂಗಸರನ್ನು ಎರಡು ಗುಂಪು ಮಾಡಿ ದೊಡ್ಡ ಪ್ರಯೋಗ ನಡೆಯಿತು. 2002ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟಿನ್ ಸೇರಿದ ಮಾತ್ರೆಯಿಂದ ಹೃದಯಾಘಾತ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಎಲ್ಲವೂ ಸ್ವಲ್ಪ ಹೆಚ್ಚಾಗಿದ್ದವು.

ಈ "ಸ್ವಲ್ಪ" ಎಷ್ಟು? 10,000 ಹೆಂಗಸರು ಒಂದು ವರ್ಷ ಮಾತ್ರೆ ತೆಗೆದುಕೊಂಡರೆ ಹೃದಯದ ತೊಂದರೆ 7 ಜಾಸ್ತಿ, ಸ್ತನ ಕ್ಯಾನ್ಸರ್ 8 ಜಾಸ್ತಿ. ಸೊಂಟದ ಮೂಳೆ ಮುರಿತ 5 ಕಮ್ಮಿ, ದೊಡ್ಡ ಕರುಳಿನ ಕ್ಯಾನ್ಸರ್ 6 ಕಮ್ಮಿ. ಜನರ ಮನಸ್ಸಿನಲ್ಲಿ ಉಳಿದದ್ದು ಭಯ ಮಾತ್ರ. ಇನ್ನೊಂದು ಮಾತನ್ನೂ ಸುದ್ದಿಗಳು ಮರೆತವು. ಪ್ರಯೋಗಕ್ಕೆ ಸೇರಿದವರ ಸರಾಸರಿ ವಯಸ್ಸು 63. ಮೈ ಬಿಸಿಯೇರಿ ನಿದ್ದೆ ಕೆಟ್ಟು ಮಾತ್ರೆ ಕೇಳಿಕೊಂಡು ಬರುವವರು ಸಾಮಾನ್ಯವಾಗಿ 50ರ ಆಸುಪಾಸಿನವರು. ಅವರಿಗೆ ಲಾಭ-ನಷ್ಟದ ಲೆಕ್ಕವೇ ಬೇರೆ ಅಂತ ಆಮೇಲಿನ ವಿಶ್ಲೇಷಣೆಗಳು ತೋರಿಸಿದವು. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಗಳ ಮೇಲಿನ ಕಟ್ಟುನಿಟ್ಟಿನ ಎಚ್ಚರಿಕೆಗಳಲ್ಲಿ ಬಹುಪಾಲನ್ನು ತೆಗೆಸುವುದಾಗಿ ಪ್ರಕಟಿಸಿತು. ಹೊರಗಿನಿಂದ ನೋಡಿದರೆ ಮೂರು ಸಲ ಮಾತು ಬದಲಿಸಿದ ಹಾಗೆ ಕಾಣುತ್ತೆ. ನನ್ನ ಪ್ರಕಾರ ಮೂರನೆಯದು ಬದಲಾವಣೆ ಅಲ್ಲ, ಯಾರಿಗೆ ಅನ್ನೋ ಪ್ರಶ್ನೆಗೆ ತಡವಾಗಿ ಸಿಕ್ಕ ಗಮನ.

ಕಾಫಿಯದ್ದು ಚಿಕ್ಕ ಕಥೆ. 1981ರಲ್ಲಿ ಒಂದು ಅಧ್ಯಯನ ಕಾಫಿಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೂ ನಂಟು ಇದೆ ಅಂದಿತು. ಹೋಲಿಕೆಗೆ ಇಟ್ಟುಕೊಂಡವರಲ್ಲಿ ಬಹಳ ಜನ ಹೊಟ್ಟೆಯ ಕಾಯಿಲೆಯವರು, ಅಂದರೆ ಕಾಫಿ ಕಮ್ಮಿ ಮಾಡಿಕೊಂಡಿದ್ದವರು! ಅವರ ಪಕ್ಕದಲ್ಲಿ ಇಟ್ಟರೆ ಯಾರೇ ಆದರೂ ಜಾಸ್ತಿ ಕಾಫಿ ಕುಡಿಯುವವರ ಹಾಗೇ ಕಾಣುತ್ತಾರೆ, ಅಲ್ವಾ? ಆಮೇಲಿನ ಅಧ್ಯಯನಗಳಲ್ಲಿ ಆ ನಂಟು ನಿಲ್ಲಲಿಲ್ಲ.

ಹಾಗಂತ ಗಮನಿಸಿ ಹೇಳಿದ್ದೆಲ್ಲ ಸುಳ್ಳಲ್ಲ. ಸಿಗರೇಟು ಶ್ವಾಸಕೋಶದ ಕ್ಯಾನ್ಸರ್ ತರುತ್ತೆ ಅಂತ ಗೊತ್ತಾಗಿದ್ದು ಹಾಗೇ. ಯಾರಿಗೂ ಚೀಟಿ ಎತ್ತಿ ಸಿಗರೇಟು ಸೇದಿಸಲು ಆಗೋದಿಲ್ಲವಲ್ಲ. ಆದರೆ ಅಲ್ಲಿ ಅಪಾಯ ಹತ್ತಾರು ಪಟ್ಟು ದೊಡ್ಡದಿತ್ತು, ಎಲ್ಲಿ ನೋಡಿದರೂ ಅದೇ ಕಂಡಿತು. ಶೇ. 10, ಶೇ. 15ರ ವ್ಯತ್ಯಾಸದ ಸುದ್ದಿಗೆ ಆ ಗೌರವ ಕೊಡಬೇಕಾಗಿಲ್ಲ.

ಶೇಕಡಾವಾರು ಲೆಕ್ಕ ಇನ್ನೊಂದು ತಲೆನೋವು. 1995ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತೆ ಅಂತ ಎಚ್ಚರಿಸಿತು. ನಿಜವೇ. 7,000ದಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಅಂತ ಅದರ ಅರ್ಥ. ಆದರೆ ಕೇಳಿಸಿದ್ದು "ಎರಡು ಪಟ್ಟು" ಮಾತ್ರ. ಹೆದರಿದ ಎಷ್ಟೋ ಹೆಂಗಸರು ಮಾತ್ರೆ ಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಅಂತ ಅಂದಾಜು. ಇನ್ನೂ ಬೇಸರದ ವಿಷಯ, ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಜಾಸ್ತಿ.

ಒಳ್ಳೆಯ ಸುದ್ದಿಯನ್ನೂ ಹೀಗೇ ಅಳೆಯಬೇಕು. ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಹೃದಯದ ಅಪಾಯವನ್ನು ಶೇ. 20 ಕಮ್ಮಿ ಮಾಡುತ್ತೆ ಅಂತ 2023ರಲ್ಲಿ ಬಂತು. ಮೂರು ವರ್ಷದ ಮೇಲೆ ಸ್ವಲ್ಪ ದಿನ ನೋಡಿದಾಗ, ಹುಸಿ ಇಂಜೆಕ್ಷನ್ ಪಡೆದವರಲ್ಲಿ ಶೇ. 8ರಷ್ಟು ಜನರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧಿ ಸಾವು ಬಂತು. ಔಷಧ ಪಡೆದವರಲ್ಲಿ ಶೇ. 6.5. ನೂರರಲ್ಲಿ ಒಂದೂವರೆ ಜನಕ್ಕೆ ಲಾಭ. ಅದು ಕಮ್ಮಿಯೇನಲ್ಲ. ಅವರೆಲ್ಲ ಮೊದಲೇ ಹೃದ್ರೋಗವಿದ್ದ ದಪ್ಪ ಮೈಯವರು ಅನ್ನೋದು ಮಾತ್ರ ನೆನಪಿರಲಿ.

ಇನ್ನು ಈಚೆಗೆ ಜಾಸ್ತಿ ಬರುವ ಪ್ರಶ್ನೆ ಬೀಟಾ ಬ್ಲಾಕರ್ ಬಗ್ಗೆ. ಎದೆಬಡಿತ, ಬಿಪಿ ತಗ್ಗಿಸುವ, ಹಾರ್ಟ್ ಅಟ್ಯಾಕ್ ಆದವರಿಗೆ ದಶಕಗಳಿಂದ ಕೊಡುತ್ತಾ ಬಂದ ಮಾತ್ರೆ. 2025ರ ಆಗಸ್ಟ್‌ನಲ್ಲಿ ಮ್ಯಾಡ್ರಿಡ್‌ನ ಹೃದ್ರೋಗ ತಜ್ಞರ ಸಮ್ಮೇಳನದಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಒಟ್ಟಿಗೇ ಬಂತು. ರೀಬೂಟ್ ಅನ್ನೋದು ಲಾಭ ಇಲ್ಲ ಅಂದಿತು. ನಾರ್ವೆ, ಡೆನ್ಮಾರ್ಕ್‌ಗಳ ಪ್ರಯೋಗ ಸ್ವಲ್ಪ ಲಾಭ ಇದೆ ಅಂದಿತು. ಎರಡೂ ಚೀಟಿ ಎತ್ತಿ ಮಾಡಿದ ಒಳ್ಳೆಯ ಪ್ರಯೋಗಗಳೇ. ಇಲ್ಲಿ ನನ್ನ ಮೊದಲಿನ ಸೂತ್ರ ಸಾಲೋದಿಲ್ಲ. ತಜ್ಞರು ಮಾಡಿದ್ದು ಇಷ್ಟು: ಹಲವು ಪ್ರಯೋಗಗಳ ರೋಗಿಗಳನ್ನು ಒಟ್ಟು ಸೇರಿಸಿ, ಹೃದಯ ಎಷ್ಟು ಚೆನ್ನಾಗಿ ಪಂಪ್ ಮಾಡುತ್ತೆ ಅನ್ನೋದರ ಮೇಲೆ ಬೇರೆ ಮಾಡಿ ನೋಡಿದರು. ಪಂಪಿಂಗ್ ಸ್ವಲ್ಪ ಕುಗ್ಗಿದವರಿಗೆ, ಅಂದರೆ ಒಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಹೊರಗೆ ತಳ್ಳುವ ಪಾಲು ಶೇ. 40ರಿಂದ 49 ಇರುವವರಿಗೆ, ಮಾತ್ರೆಯಿಂದ ಲಾಭ ಕಂಡಿತು. 50 ಮತ್ತು ಮೇಲೆ ಇರುವವರಲ್ಲಿ, 17 ಸಾವಿರಕ್ಕೂ ಹೆಚ್ಚು ಜನರ ಲೆಕ್ಕದಲ್ಲಿ, ಲಾಭ ಕಾಣಲಿಲ್ಲ. 40ಕ್ಕಿಂತ ಕೆಳಗಿರುವವರಿಗೆ ಈ ಮಾತ್ರೆ ಬೇಕೇ ಬೇಕು ಅನ್ನೋದರಲ್ಲಿ ತಕರಾರು ಇಲ್ಲ.

ಇದನ್ನು ಓದಿ ಯಾರೂ ಸುಮ್ನೆ ಮಾತ್ರೆ ನಿಲ್ಲಿಸಬೇಡಿ. ಹೊಸದಾಗಿ ಶುರು ಮಾಡದೆ ಇರೋದು ಬೇರೆ, ವರ್ಷಗಟ್ಟಲೆ ತೆಗೆದುಕೊಂಡದ್ದನ್ನು ನಿಲ್ಲಿಸೋದು ಬೇರೆ. ಫ್ರಾನ್ಸ್‌ನಲ್ಲಿ ನಿಲ್ಲಿಸೋದನ್ನೇ ಪರೀಕ್ಷಿಸಿದರು, 2024ರಲ್ಲಿ ಫಲಿತಾಂಶ ಬಂತು. ನಿಲ್ಲಿಸಿದರೂ ಮುಂದುವರಿಸಿದಷ್ಟೇ ಸುರಕ್ಷಿತ ಅಂತ ಸಾಬೀತಾಗಲಿಲ್ಲ. ನಿಲ್ಲಿಸಿದವರು ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದ್ದು ಸ್ವಲ್ಪ ಜಾಸ್ತಿ. ನಿಮ್ಮ ಎಕೋ, ಅಂದರೆ ಹೃದಯದ ಸ್ಕ್ಯಾನ್, ರಿಪೋರ್ಟ್ ತೆಗೆಯಿರಿ, ಅದರಲ್ಲಿ ಇ.ಎಫ್. ಅಂತ ಒಂದು ಶೇಕಡಾ ಬರೆದಿರುತ್ತೆ, ಮೇಲೆ ಹೇಳಿದ ಪಂಪಿಂಗ್ ಲೆಕ್ಕ ಅದೇ. ಅದು 50ರ ಮೇಲಿದ್ದರೆ, ಮುಂದಿನ ಸಲ ಹೋದಾಗ ಡಾಕ್ಟರಿಗೆ ತೋರಿಸಿ, "ನನಗೆ ಈ ಮಾತ್ರೆ ಇನ್ನೂ ಯಾಕೆ ಬೇಕು?" ಅಂತ ಕೇಳಿ. ಬಿಪಿಗೋ, ಎದೆಬಡಿತದ ಏರುಪೇರಿಗೋ ಅವರು ಅದನ್ನೇ ಕೊಟ್ಟಿರಬಹುದು.